ಅಶೋಕನಿಗೆ ಹೆಸರು ಮರಳಿಸಿದ ಮಸ್ಕಿ

ಮಸ್ಕಿ (ರಾಯಚೂರು ಜಿಲ್ಲೆ): ಸಿಂಧನೂರು ತಾಲ್ಲೂಕಿನ ಗೊರೇಬಾಳದ ಕಡೆಯಿಂದ ಹೊರಟವರಿಗೆ ಮೊದಲು ಕಾಣುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಸಿಂಧನೂರು ದಾಟಿ ಲಿಂಗಸುಗೂರಿನ ರಸ್ತೆ ಹಿಡಿದರೆ ನೆಲದ ಚಹರೆ ಬದಲಾಗುತ್ತದೆ. ಬಯಲಿನ ನಡುವೆ ಕಲ್ಲುಗುಡ್ಡಗಳು ತಲೆಯೆತ್ತುತ್ತವೆ. ಅಂಥ ಗುಡ್ಡಗಳ ಮಗ್ಗುಲಲ್ಲಿ ಮಸ್ಕಿ ಪಟ್ಟಣವಿದೆ. ಇಲ್ಲಿನ ಒಂದು ಬಂಡೆಯ ಮೇಲಿರುವ ಎಂಟು ಸಾಲುಗಳು ಭಾರತದ ಚರಿತ್ರೆಯ ಬಹು ದೊಡ್ಡ ಒಗಟೊಂದನ್ನು ಬಿಡಿಸಿದವು.

ಅದು 1915ನೆಯ ಇಸವಿ. ರಾಯಚೂರು ಆಗ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಚಿನ್ನದ ನಿಕ್ಷೇಪ ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಈ ಬಂಡೆ ಬಿತ್ತು. ಅದರ ಮೇಲಿದ್ದದ್ದು ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಸಂಪಾದಿಸಿದರು. ಆಗಷ್ಟೇ ಹುಟ್ಟಿದ್ದ ಹೈದರಾಬಾದ್ ಪುರಾತತ್ವ ಇಲಾಖೆ ತನ್ನ ಗ್ರಂಥಮಾಲೆಯ ಮೊದಲ ಪ್ರಕಟಣೆಯಾಗಿ ಅದನ್ನೇ ಹೊರತಂದಿತು. ಚಿನ್ನ ಹುಡುಕಲು ಬಂದವನಿಗೆ ಸಿಕ್ಕಿದ್ದು ಒಬ್ಬ ಅರಸನ ಹೆಸರು.

ಆ ಹೆಸರಿಗೇಕೆ ಅಷ್ಟು ಬೆಲೆ? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟು ಬಿಡಿಸಿದಾಗ ಉತ್ತರ ಭಾರತದ ಸ್ತಂಭಗಳೂ ಒಡಿಶಾ, ಗುಜರಾತಿನ ಬಂಡೆಗಳೂ ಮಾತನಾಡತೊಡಗಿದವು. ಆದರೆ ಅವುಗಳಲ್ಲಿ ಅರಸ ತನ್ನನ್ನು ಕರೆದುಕೊಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ. ಈತ ಸಿಂಹಳದ ದೊರೆಯಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ್ದರು. ಅದೇ ವರ್ಷ ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳನ್ನು ಪರಿಶೀಲಿಸಿ, ಪ್ರಿಯದರ್ಶಿ ಎಂದರೆ ಮೌರ್ಯ ಅರಸ ಅಶೋಕನೇ ಎಂದು ತೋರಿಸಿದರು. ತರ್ಕ ಗಟ್ಟಿಯಾಗಿತ್ತು, ಆದರೆ ಅರಸನ ಸ್ವಂತ ಶಾಸನದ ಸಾಕ್ಷ್ಯವಿರಲಿಲ್ಲ. ಎಪ್ಪತ್ತೆಂಟು ವರ್ಷಗಳ ನಂತರ ಮಸ್ಕಿಯ ಬಂಡೆ ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರನ್ನು ಕೊಟ್ಟಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಹಾಗೂ ಉಡೇಗೋಳದಲ್ಲೂ ಆ ಹೆಸರು ದೊರೆಯಿತು. ಮೊದಲ ಸಾಕ್ಷಿ ಮಾತ್ರ ಮಸ್ಕಿ.

ಹಂಪಿಗೆ, ಬಾದಾಮಿಗೆ, ಪಟ್ಟದಕಲ್ಲಿಗೆ ಹೋಗುವ ಪ್ರವಾಸಿಗಳನ್ನು ರಾಯಚೂರು ಜಿಲ್ಲೆಗೂ ಕರೆತರಬೇಕೆಂಬ ಮಾತು ಬಂದಾಗಲೆಲ್ಲ ಮಸ್ಕಿಯ ಹೆಸರು ಮುಂದೆ ಬರುತ್ತದೆ. ಆದರೆ ಬಂದವರಿಗೆ ಇಲ್ಲಿ ಗೋಪುರವಿಲ್ಲ, ಶಿಲ್ಪವಿಲ್ಲ. ಬಂಡೆಯೊಂದೇ ಇದೆ. ಅದನ್ನು ನೋಡುವಂತೆ ಮಾಡುವುದು ಅದರ ಹಿಂದಿನ ಮನುಷ್ಯನ ಬದುಕು. ಆ ಬದುಕನ್ನು ಅರಿಯದವರಿಗೆ ಮಸ್ಕಿ ಐದು ನಿಮಿಷದ ನಿಲುಗಡೆಯಷ್ಟೇ ಆದೀತು.

ಪಾಟಲೀಪುತ್ರದ ರಾಜಕುಮಾರ

ಅಶೋಕನ ಅಜ್ಜ ಚಂದ್ರಗುಪ್ತ ಮೌರ್ಯ. ಜೈನ ಪರಂಪರೆಯ ಪ್ರಕಾರ ಈತ ರಾಜ್ಯ ತ್ಯಜಿಸಿ, ಭದ್ರಬಾಹು ಮುನಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದು ದೇಹತ್ಯಾಗ ಮಾಡಿದವನು. ಹೀಗೆ ಅಜ್ಜನ ಕೊನೆಯೂ ಮೊಮ್ಮಗನ ಹೆಸರೂ ಕನ್ನಡ ನಾಡಿನ ಕಲ್ಲಿಗೆ ಅಂಟಿಕೊಂಡಿವೆ. ತಂದೆ ಬಿಂದುಸಾರ. ರಾಜಧಾನಿ ಇಂದಿನ ಪಟ್ನಾ ಇರುವ ಪಾಟಲೀಪುತ್ರ.

ಅಶೋಕನ ಬಾಲ್ಯ, ಯೌವನದ ಬಗೆಗೆ ಶಾಸನಗಳು ಮೌನವಾಗಿವೆ. ಇರುವುದೆಲ್ಲ ನಂತರದ ಬೌದ್ಧ ಗ್ರಂಥಗಳ ಕಥನ. ಅವುಗಳ ಪ್ರಕಾರ ಆತ ತಕ್ಷಶಿಲೆಯ ದಂಗೆ ಅಡಗಿಸಿದ, ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದ, ವಿದಿಶೆಯ ವರ್ತಕನೊಬ್ಬನ ಮಗಳು ದೇವಿಯನ್ನು ವರಿಸಿದ. ಮಹೇಂದ್ರ ಮತ್ತು ಸಂಘಮಿತ್ರೆ ಆಕೆಯ ಮಕ್ಕಳು.

ಬಿಂದುಸಾರನ ಮರಣಾನಂತರ ಸಿಂಹಾಸನಕ್ಕಾಗಿ ಕಲಹ ನಡೆದಿರಬೇಕು. ತಂದೆಯ ಮರಣಕ್ಕೂ ಮಗನ ಪಟ್ಟಾಭಿಷೇಕಕ್ಕೂ ನಡುವೆ ನಾಲ್ಕು ವರ್ಷಗಳ ಅಂತರವಿತ್ತೆಂದು ಸಿಂಹಳದ ಗ್ರಂಥಗಳು ತಿಳಿಸುತ್ತವೆ. ಅಶೋಕ ತೊಂಬತ್ತೊಂಬತ್ತು ಸೋದರರನ್ನು ಕೊಂದನೆಂದೂ ಅವೇ ಹೇಳುತ್ತವೆ. ಆದರೆ ಆತನ ಐದನೆಯ ಬಂಡೆಶಾಸನದಲ್ಲಿ ಸೋದರ ಸೋದರಿಯರ ಅಂತಃಪುರಗಳ ಪ್ರಸ್ತಾಪವಿದೆ. ಕ್ರೂರಿಯೊಬ್ಬ ಧರ್ಮದಿಂದ ಬದಲಾದನೆಂಬ ಕಥೆಗೆ ಮೆರುಗು ಕೊಡಲು ಮೊದಲಿನ ಕ್ರೌರ್ಯವನ್ನು ಹಿಗ್ಗಿಸಿರುವ ಸಾಧ್ಯತೆಯೇ ಹೆಚ್ಚು. ಪಟ್ಟಾಭಿಷೇಕ ನಡೆದದ್ದು ಸುಮಾರು ಕ್ರಿ.ಪೂ. 268ರಲ್ಲಿ.

ಕಳಿಂಗದ ನಂತರ

ಪಟ್ಟವೇರಿ ಎಂಟು ವರ್ಷ ಕಳೆದಾಗ ಆತ ಕಳಿಂಗದ ಮೇಲೆ ದಂಡೆತ್ತಿ ಹೋದ. ಅದರ ವಿವರ ತಿಳಿದಿರುವುದು ಗೆದ್ದವನ ಬಾಯಿಂದಲೇ. ಹದಿಮೂರನೆಯ ಬಂಡೆಶಾಸನದ ಪ್ರಕಾರ ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು. ಒಂದು ಲಕ್ಷ ಜನ ಹತರಾದರು. ಅದರ ಹಲವು ಪಟ್ಟು ಜನ ಬಳಿಕ ಸತ್ತರು. ಗೆಲುವನ್ನು ಹೊಗಳಿಕೊಳ್ಳಬೇಕಾದ ಕಡೆ ಅರಸ ತನ್ನ ಪಶ್ಚಾತ್ತಾಪವನ್ನು ಕೆತ್ತಿಸಿದ. ಆ ಸಾವು ನೋವುಗಳ ನೂರರಲ್ಲಿ ಒಂದು ಪಾಲು, ಸಾವಿರದಲ್ಲಿ ಒಂದು ಪಾಲು ಇನ್ನು ಮುಂದೆ ನಡೆದರೂ ತನಗದು ದುಃಖಕರವೆಂದು ಸಾರಿದ.

ಇಷ್ಟಾದರೂ ಆತ ಸನ್ಯಾಸಿಯಾಗಲಿಲ್ಲ. ಕಳಿಂಗವನ್ನು ಹಿಂತಿರುಗಿಸಲಿಲ್ಲ, ಸೈನ್ಯವನ್ನು ವಿಸರ್ಜಿಸಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ ತನ್ನ ಬಲದ ನೆನಪನ್ನೂ ಮಾಡಿಕೊಟ್ಟ. ಮರಣದಂಡನೆಯನ್ನು ರದ್ದು ಮಾಡದೆ, ಶಿಕ್ಷೆಗೊಳಗಾದವರಿಗೆ ಮೂರು ದಿನಗಳ ಅವಧಿ ಕೊಡಿಸಿದ. ಪಶ್ಚಾತ್ತಾಪದ ಆ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲೂ ಇಲ್ಲ. ಅಲ್ಲಿ ಅದರ ಬದಲು ಪ್ರಜೆಗಳೆಲ್ಲ ತನ್ನ ಮಕ್ಕಳೆಂದು ಹೇಳುವ, ನಿಷ್ಕಾರಣವಾಗಿ ಯಾರನ್ನೂ ಸೆರೆಯಲ್ಲಿಡಬಾರದೆಂದು ಅಧಿಕಾರಿಗಳನ್ನು ಎಚ್ಚರಿಸುವ ಎರಡು ಪ್ರತ್ಯೇಕ ಶಾಸನಗಳಿವೆ. ಗಾಯಗೊಂಡ ಜನರ ಎದುರು ಗಾಯದ ಮಾತೆತ್ತುವುದು ಅರಸನಿಗೆ ಕಷ್ಟವಾಗಿತ್ತೇನೋ.

ಬದಲಾದದ್ದು ಆಡಳಿತದ ದಾರಿ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿ ಸಸ್ಯಗಳ ನಾಟಿ, ದಾರಿಗಳಲ್ಲಿ ಮರ, ಬಾವಿ. ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಎರಡು ನವಿಲು, ಒಂದು ಜಿಂಕೆಗೆ ಇಳಿದ ಪ್ರಾಣಿವಧೆಯನ್ನು ಮುಂದೆ ಪೂರ್ತಿ ನಿಲ್ಲಿಸುವ ವಾಗ್ದಾನ. ಪಟ್ಟವೇರಿ ಹದಿಮೂರು ವರ್ಷಗಳಾದ ಮೇಲೆ ಧರ್ಮಮಹಾಮಾತ್ರರೆಂಬ ಅಧಿಕಾರಿಗಳ ನೇಮಕವಾಯಿತು. ಸ್ವತಃ ಬೌದ್ಧನಾಗಿದ್ದರೂ ಆತ ಆಜೀವಿಕರಿಗೆ ಬರಾಬರ್ ಗುಹೆಗಳನ್ನು ದಾನ ಮಾಡಿದ. ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆಂದು ಹನ್ನೆರಡನೆಯ ಬಂಡೆಶಾಸನದಲ್ಲಿ ತಿಳಿಹೇಳಿದ.

ಮಸ್ಕಿಯ ಎಂಟು ಸಾಲು

ಈ ಬದುಕಿನ ತಿರುವಿನಲ್ಲಿ ಮಸ್ಕಿಯ ಬಂಡೆ ನಿಲ್ಲುತ್ತದೆ. ಇಲ್ಲಿನದು ಲಘು ಬಂಡೆಶಾಸನ. ಅಶೋಕನ ಶಾಸನಗಳಲ್ಲಿ ಅತಿ ಮೊದಲಿನವೆಂದು ಸಾಮಾನ್ಯವಾಗಿ ಪರಿಗಣಿಸಲಾದ ವರ್ಗಕ್ಕೆ ಸೇರಿದ್ದು. ಕೆಲವು ಅಕ್ಷರಗಳು ಕಾಲಕ್ಕೆ ಸಿಲುಕಿ ಅಳಿದಿವೆ. ಉಳಿದವುಗಳಿಂದ ತಿಳಿಯುವುದಿಷ್ಟು. ತಾನು ಶಾಕ್ಯಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು. ಸಂಘದ ಸಮೀಪಕ್ಕೆ ಹೋಗಿ ತೀವ್ರವಾಗಿ ಶ್ರಮಿಸಿದ್ದು ಈಚಿನ ಒಂದು ವರ್ಷಕ್ಕೂ ಮೇಲ್ಪಟ್ಟ ಅವಧಿಯಲ್ಲಿ. ಹಿಂದೆ ಮನುಷ್ಯರೊಡನೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ. ಧರ್ಮದಲ್ಲಿ ನಿರತನಾದವನು ಅಲ್ಪನಾಗಿದ್ದರೂ ಇದನ್ನು ಸಾಧಿಸಬಲ್ಲ. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು. ಹಾಗೆ ಮಾಡಿದರೆ ಇದು ಬಹುಕಾಲ ಬಾಳಿ ಒಂದೂವರೆ ಪಟ್ಟು ಬೆಳೆಯುತ್ತದೆ.

ಮೊದಮೊದಲು ತಾನು ಅಷ್ಟಾಗಿ ಶ್ರಮಿಸಲಿಲ್ಲವೆಂಬ ಒಪ್ಪಿಗೆಯೂ ಈ ಶಾಸನದ ಇತರ ಪ್ರತಿಗಳಲ್ಲಿದೆ. ಚಕ್ರವರ್ತಿಯೊಬ್ಬ ತನ್ನ ಹಿಂಜರಿಕೆಯನ್ನು ರಾಜ್ಯದ ಗಡಿನಾಡಿನಲ್ಲಿ ಬಂಡೆಯ ಮೇಲೆ ಬರೆಸಿದ ಸಂಗತಿ ಇಂದಿಗೂ ಅಚ್ಚರಿಯದೇ.

ಅದಕ್ಕೆ ಈ ಊರೇ ಏಕೆ? ಮಸ್ಕಿ ಆಗಲೇ ಹಳೆಯ ಊರು. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗ, ಬೃಹತ್ ಶಿಲಾಸಮಾಧಿಗಳ ಕಾಲ ಹಾಗೂ ಆರಂಭಿಕ ಚಾರಿತ್ರಿಕ ಕಾಲದ ಪದರಗಳು ಒಂದರ ಮೇಲೊಂದು ದೊರೆತವು. ಜೊತೆಗೆ ಇದು ಚಿನ್ನದ ಸೀಮೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯಲಾಗುತ್ತಿದೆ. ಸುತ್ತಮುತ್ತ ಪ್ರಾಚೀನ ಗಣಿಗಾರಿಕೆಯ ಕುರುಹುಗಳಿವೆ. ಮೌರ್ಯರ ಕಣ್ಣು ಈ ಭಾಗದ ಮೇಲೆ ಬೀಳಲು ಚಿನ್ನವೂ ಒಂದು ಕಾರಣವಿರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಸುವರ್ಣಗಿರಿಯಿಂದ ಇಸಿಲಕ್ಕೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಶಾಸನ ಈ ಊಹೆಗೆ ಬಲ ಕೊಡುತ್ತದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಯೋಗಕ್ಷೇಮ ವಿಚಾರಿಸಿ ಆಜ್ಞೆಯನ್ನು ರವಾನಿಸಿದ್ದು ಅದರಲ್ಲಿದೆ. ಆ ಸುವರ್ಣಗಿರಿ ಮಸ್ಕಿಯೆಂದು ಕೆಲವರೂ ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಕೆಲವರೂ ವಾದಿಸಿದ್ದಾರೆ. ಯಾವುದೇ ಆದರೂ ದಕ್ಷಿಣದ ಮೌರ್ಯ ಆಡಳಿತದ ಕೇಂದ್ರ ಈ ಸೀಮೆಯಲ್ಲಿತ್ತೆಂಬುದು ಬಹುಮಂದಿಯ ನಿಲುವು. ಬ್ರಹ್ಮಗಿರಿಯ ಶಾಸನದ ಕೊನೆಗೆ ಚಪಡನೆಂಬ ಲಿಪಿಕಾರ ತನ್ನ ವೃತ್ತಿನಾಮವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಲಿಪಿಯನ್ನು ಬಲ್ಲವನೊಬ್ಬ ಕನ್ನಡ ನಾಡಿನ ಬಂಡೆಯ ಮುಂದೆ ಕುಳಿತಿದ್ದನೆಂದರೆ ಅಂದಿನ ಆಡಳಿತದ ಹರವು ತಿಳಿಯುತ್ತದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳ, ಕಲಬುರಗಿ ಜಿಲ್ಲೆಯ ಸನ್ನತಿ ಹೀಗೆ ಕರ್ನಾಟಕದ ಒಂಬತ್ತು ಕಡೆ ಅಶೋಕನ ಶಾಸನಗಳಿವೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಬಳಸಿದ್ದ ಚಪ್ಪಡಿಯೊಂದು 1980ರ ದಶಕದಲ್ಲಿ ಬೆಳಕಿಗೆ ಬಂತು. ಕಳಿಂಗದಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಸಮೀಪದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ರಾಣಿ, ಪರಿವಾರದೊಡನೆ ನಿಂತ ಅರಸನ ಉಬ್ಬುಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿಯಲ್ಲಿ ಅಶೋಕರಾಜನ ಹೆಸರಿದೆ. ಆತ ಗತಿಸಿ ಶತಮಾನಗಳ ನಂತರದ ಕೆತ್ತನೆಯಾದ್ದರಿಂದ ಅದು ಕಂಡು ಬಿಡಿಸಿದ ಚಿತ್ರವಲ್ಲ. ಆದರೂ ಕನ್ನಡ ನಾಡಿನ ಶಿಲ್ಪಿಯ ಕಲ್ಪನೆಯ ಅಶೋಕ ಅಲ್ಲಿದ್ದಾನೆ.

ಕೊನೆಯ ದಿನಗಳು

ಪಟ್ಟವೇರಿ ಇಪ್ಪತ್ತು ವರ್ಷಗಳಾದಾಗ ಅಶೋಕ ಬುದ್ಧನ ಜನ್ಮಸ್ಥಳ ಲುಂಬಿನಿಗೆ ಯಾತ್ರೆ ಹೋಗಿ, ಆ ಹಳ್ಳಿಯ ಕರಭಾರವನ್ನು ಇಳಿಸಿದ. ಸಿಂಹಳದ ಗ್ರಂಥಗಳ ಪ್ರಕಾರ ಮೂರನೆಯ ಬೌದ್ಧ ಸಂಗೀತಿಯ ಬಳಿಕ ಮಹೇಂದ್ರ ಲಂಕೆಗೆ ಹೋದರೆ, ರಕ್ಷಿತ ಥೇರ ವನವಾಸಿಗೆ, ಮಹಾದೇವ ಥೇರ ಮಹಿಷಮಂಡಲಕ್ಕೆ ಧರ್ಮಪ್ರಸಾರಕ್ಕೆ ಬಂದರು. ವನವಾಸಿಯನ್ನು ನಮ್ಮ ಬನವಾಸಿಯೊಡನೆ, ಮಹಿಷಮಂಡಲವನ್ನು ಮೈಸೂರು ಸೀಮೆಯೊಡನೆ ಹಲವರು ಗುರುತಿಸಿದ್ದಾರೆ.

ಸುಮಾರು ಮೂವತ್ತಾರು ವರ್ಷ ಆಳಿದ ಅಶೋಕ ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡ. ಮುಪ್ಪಿನಲ್ಲಿ ಮಂತ್ರಿಗಳು ಬೊಕ್ಕಸವನ್ನು ಕೈಗೆ ಕೊಡದಾದಾಗ, ತನ್ನದೆಂದು ಉಳಿದ ಅರ್ಧ ನೆಲ್ಲಿಕಾಯಿಯನ್ನು ಸಂಘಕ್ಕೆ ದಾನ ಮಾಡಿದನೆಂಬ ಕಥೆ ಅಶೋಕಾವದಾನದಲ್ಲಿದೆ. ಅದು ಕಥೆಯೇ ಇರಬಹುದು. ಅರ್ಧ ಶತಮಾನದೊಳಗೆ ಮೌರ್ಯರ ರಾಜ್ಯ ಅಳಿದದ್ದು ಮಾತ್ರ ಚರಿತ್ರೆ. ಆತನ ಲಿಪಿಯನ್ನು ಓದಬಲ್ಲವರೂ ಕ್ರಮೇಣ ಇಲ್ಲವಾದರು, ಬಂಡೆಗಳು ಮೂಕವಾದವು. 1950ರ ಜನವರಿ 26ರಂದು ಆತನ ಸಾರನಾಥದ ಸಿಂಹಶೀರ್ಷ ಗಣರಾಜ್ಯದ ಲಾಂಛನವಾಯಿತು.

ಬಂದವರಿಗೆ ಏನು ಹೇಳಬೇಕು?

ರೂಪಾಯಿ ನೋಟಿನ ಮೇಲಿನ ಸಿಂಹಗಳನ್ನು ಎಲ್ಲರೂ ಬಲ್ಲರು. ಆ ಸಿಂಹಗಳನ್ನು ಕೆತ್ತಿಸಿದ ಅರಸನ ಹೆಸರನ್ನು ಮೊದಲು ಖಚಿತಪಡಿಸಿದ ಊರನ್ನು ಬಲ್ಲವರು ಕಡಿಮೆ. ಮಸ್ಕಿಯೊಂದನ್ನೇ ತೋರಿಸಿದರೆ ಕಥೆಯ ಒಂದು ಹಾಳೆ ಓದಿದಂತೆ. ಮಸ್ಕಿ, ಕೊಪ್ಪಳ, ನಿಟ್ಟೂರು, ಬ್ರಹ್ಮಗಿರಿ, ಸನ್ನತಿಗಳನ್ನು ಒಂದೇ ದಾರಿಯಾಗಿ ಪೋಣಿಸಿದರೆ ಅರಸನ ಹೆಸರು, ಆಡಳಿತ, ಲಿಪಿಕಾರ, ಶಿಲ್ಪ ಎಲ್ಲವೂ ರಾಜ್ಯದೊಳಗೇ ದೊರೆಯುತ್ತವೆ. ಲಿಂಗಸುಗೂರು ಸೀಮೆಯ ಮುದಗಲ್ಲಿನ ಕೋಟೆ, ಕೃಷ್ಣೆಯ ನಡುವಿನ ಜಲದುರ್ಗ, ಪಿಕಳಿಹಾಳದ ನವಶಿಲಾಯುಗದ ನೆಲೆಗಳೂ ಜೊತೆಗೂಡಿದರೆ ಪ್ರವಾಸಿ ಇಲ್ಲೇ ಎರಡು ದಿನ ಉಳಿಯುತ್ತಾನೆ. ಅವನ ಊಟ, ವಸತಿ, ವಾಹನದ ಹಣ ಸಿಂಧನೂರಿನಿಂದ ಮುದಗಲ್ಲಿನವರೆಗಿನ ಊರುಗಳಿಗೇ ಸೇರುತ್ತದೆ.

ಇದಕ್ಕೆ ಕಾಂಕ್ರೀಟಿನ ಪ್ರತಿಮೆಗಳಿಗಿಂತ ಮೊದಲು ಬೇಕಾದದ್ದು ಬಂಡೆಯ ಸಾಲುಗಳನ್ನು ಓದಿ, ತಿಳಿಗನ್ನಡದಲ್ಲಿ ಹೇಳಬಲ್ಲ ಸ್ಥಳೀಯ ಯುವಕ ಯುವತಿಯರು. ದಂತಕಥೆ ಯಾವುದು, ಕಲ್ಲಿನ ಮಾತು ಯಾವುದು ಎಂಬುದನ್ನು ಬಿಡಿಸಿ ಹೇಳುವ ತರಬೇತಿ ಅವರಿಗೆ ದೊರೆಯಬೇಕು. ತಮ್ಮ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನಗಳಂದು ಜನರಿಗೆ ಓದಿ ಕೇಳಿಸಬೇಕು, ನಡುವೆ ಒಬ್ಬನೇ ಬಂದರೂ ಕೇಳಿಸಬಹುದು ಎಂದು ಕಳಿಂಗದ ಶಾಸನಗಳಲ್ಲಿ ಅಶೋಕ ಸೂಚಿಸಿದ್ದ. ಮಸ್ಕಿಯ ಗುಡ್ಡ ಹತ್ತಿ ಬರುವ ಒಬ್ಬ ಪ್ರವಾಸಿಗೂ ಆ ಎಂಟು ಸಾಲುಗಳನ್ನು ಓದಿ ಹೇಳುವವರು ಇರುವಂತಾದರೆ, ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕೆಂಬ ಅರಸನ ಆಜ್ಞೆ ಇಲ್ಲಿ ಮತ್ತೆ ಜಾರಿಗೆ ಬಂದಂತಾಗುತ್ತದೆ.