ಎರಡು ಕೈಗೂ ಹೊಂದಿದ ಟಿಪ್ಪುವಿನ ಪಿಸ್ತೂಲು ಜೋಡಿ

ಬಳ್ಳಾರಿ ಕೋಟೆಯನ್ನು ಗೆದ್ದು ಬಲಪಡಿಸಿದ ಹೈದರಾಲಿಯ ಪುತ್ರ ಟಿಪ್ಪು ಸುಲ್ತಾನ್ ಜನಿಸಿದ್ದು ದೇವನಹಳ್ಳಿಯಲ್ಲಿ. 1782ರಲ್ಲಿ ಪಟ್ಟಕ್ಕೆ ಬಂದ ಆತನಿಗೆ ಆಯುಧ ತಯಾರಿಕೆಯಲ್ಲಿ ಅಪಾರ ಆಸಕ್ತಿ. ಶ್ರೀರಂಗಪಟ್ಟಣದ ಕುಶಲಕರ್ಮಿಗಳು ಆತನಿಗಾಗಿ ರೂಪಿಸಿದ ಪಿಸ್ತೂಲು ಜೋಡಿಯೊಂದರಲ್ಲಿ ಒಂದರ ಚಕಮಕಿ ಯಂತ್ರ ಬಲಬದಿಗಿದ್ದರೆ ಇನ್ನೊಂದರದು ಎಡಬದಿಗಿತ್ತು. ಎರಡೂ ಕೈಗಳಲ್ಲಿ ಹಿಡಿದಾಗ ಕಿಡಿ, ಹೊಗೆ ಹೊರಬದಿಗೆ ಚಿಮ್ಮುವ ವ್ಯವಸ್ಥೆಯಿದು. ಇದಕ್ಕಾಗಿ ಎಡಗೈಯ ಯಂತ್ರವನ್ನು ಕನ್ನಡಿಯ ಬಿಂಬದಂತೆ ಪ್ರತ್ಯೇಕವಾಗಿಯೇ ತಯಾರಿಸಬೇಕಿತ್ತು.

ಆದರೆ 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈತಪ್ಪಿತು. 1799ರ ಮೇ 4ರಂದು ಟಿಪ್ಪು ರಾಜಧಾನಿಯ ಕೋಟೆಯಲ್ಲಿ ಹೋರಾಡುತ್ತಲೇ ಮಡಿದನು. ಆತನ ಆಯುಧಗಳು ಕೊಳ್ಳೆಯಾಗಿ ಕಡಲು ದಾಟಿದವು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಒಳಗೊಂಡ ಸೀಮೆಯನ್ನು 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಎರಡು ಕೈಗೂ ಆಯುಧ ಹೊಂದಿಸಿಕೊಂಡ ದೊರೆಗೆ ರಾಜ್ಯ ಮಾತ್ರ ದಕ್ಕಲಿಲ್ಲ.