ಕಂಧಾರದ ಉರಿಲಿಂಗಪೆದ್ದಿ

ಬಸವಕಲ್ಯಾಣದ ಪಶ್ಚಿಮಕ್ಕೆ ಉಮರ್ಗಾ. ಉತ್ತರಕ್ಕೆ ನಿಲಂಗಾ, ಉದಗೀರಗಳನ್ನು ದಾಟಿ ಸಾಗಿದರೆ ನಾಂದೇಡ ಜಿಲ್ಲೆಯ ಕಂಧಾರ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. 12ನೆಯ ಶತಮಾನದಲ್ಲಂತೂ ಈ ನೆಲವೆಲ್ಲ ಕಲ್ಯಾಣದ ಅಂಗಳವೇ ಆಗಿತ್ತು. ವಚನಕಾರ ಉರಿಲಿಂಗದೇವನ ಮಠವಿದ್ದುದು ಕಂಧಾರದಲ್ಲಿ. ಅವನ ಶಿಷ್ಯನೇ ಉರಿಲಿಂಗಪೆದ್ದಿ.

ಪೆದ್ದಣ್ಣ ಎಂಬುದು ಅವನ ಮೊದಲ ಹೆಸರು. ಹುಟ್ಟಿದ್ದು ಅಸ್ಪೃಶ್ಯವೆನಿಸಿದ್ದ ಕುಲದಲ್ಲಿ, ಬದುಕು ಕಳ್ಳತನದ್ದು. ವೀರಶೈವ ಪುರಾಣಕಥೆಗಳು ಹೇಳುವಂತೆ, ಒಮ್ಮೆ ಅವನು ಕಳವಿಗೆಂದು ಹೊಕ್ಕ ಮನೆಯಲ್ಲಿ ಉರಿಲಿಂಗದೇವನು ಮನೆಯೊಡೆಯನಿಗೆ ಲಿಂಗದೀಕ್ಷೆ ನೀಡುತ್ತಿದ್ದನು. ಅಡಗಿ ನಿಂತಿದ್ದ ಕಳ್ಳನು ಬಂದ ಕೆಲಸವನ್ನು ಮರೆತು ಆ ವಿಧಿಯನ್ನೇ ನೋಡುತ್ತ ನಿಂತನು. ಬಳಿಕ ಕಳವನ್ನು ಬಿಟ್ಟು, ಕಾಡಿನಲ್ಲಿ ಸೌದೆ ಕಡಿದು ದಿನಕ್ಕೊಂದು ಹೊರೆಯಂತೆ ಮಠಕ್ಕೆ ತಂದುಹಾಕತೊಡಗಿದನು. ಕೂಲಿ ಬೇಡಲಿಲ್ಲ, ಕೊನೆಗೆ ಬೇಡಿದ್ದು ದೀಕ್ಷೆಯನ್ನು. ಗುರು ಒಪ್ಪಲಿಲ್ಲ. ಬಿಡದೆ ಕಾಡಿದವನತ್ತ ಸಿಟ್ಟಿನಿಂದ ಕಲ್ಲೊಂದನ್ನು ಎಸೆದನು. ಪೆದ್ದಣ್ಣನು ಆ ಕಲ್ಲನ್ನೇ ಲಿಂಗವೆಂದು ಎತ್ತಿಕೊಂಡು ಪೂಜಿಸಿದನು. ಆ ನಿಷ್ಠೆಗೆ ಮಣಿದು ಗುರು ದೀಕ್ಷೆಯಿತ್ತನು.

ಇದನ್ನು ಭಕ್ತಿಯ ಗೆಲುವಿನ ಕಥೆಯೆಂದಷ್ಟೇ ಓದುವುದು ರೂಢಿ. ಆದರೆ ಕಥೆಯೊಳಗೆ ಒಂದು ಕಹಿಯೂ ಇದೆ. ದುಡಿದುದನ್ನು ದಾಸೋಹವಾಗಿ ಹಂಚಬೇಕು, ನಂಬಿಕೆಯನ್ನು ಅನುಭವದ ಒರೆಗೆ ಹಚ್ಚಬೇಕು, ಕುಲವನ್ನು ಕೇಳಬಾರದು ಎಂದ ಶರಣಸಮುದಾಯದ ಹೊಸ್ತಿಲಲ್ಲಿಯೇ ಪೆದ್ದಣ್ಣ ಕಾಯಬೇಕಾಯಿತು. ಮನೆಯೊಡೆಯನಿಗೆ ಲಿಂಗವು ಗುರುವಿನ ಕೈಯಿಂದ ಬಂದಿತು. ಸೌದೆಯವನಿಗೆ ಬಂದದ್ದು ಎಸೆದ ಕಲ್ಲು. ತತ್ತ್ವ ತೆರೆದಿದ್ದರೂ ಬಾಗಿಲು ತಾನಾಗಿ ತೆರೆಯಲಿಲ್ಲ. ಪುರಾಣಕಾರರು ಈ ನಿರಾಕರಣೆಯನ್ನು ಮುಚ್ಚಿಡದೆ ಹೇಳಿರುವುದು ಮೆಚ್ಚತಕ್ಕ ಮಾತು.

ಒಳಗೆ ಬಂದವನು ಮೂಲೆಯಲ್ಲಿ ಕೂರಲಿಲ್ಲ. ಮಠದಲ್ಲಿ ಶಾಸ್ತ್ರಗಳನ್ನು ಅಭ್ಯಸಿಸಿದನು. ಗುರುವಿನ ಹೆಸರನ್ನು ತನ್ನ ಹೆಸರಿನೊಡನೆ ಬೆಸೆದುಕೊಂಡನು. ಉರಿಲಿಂಗದೇವನ ಅನಂತರ ಆ ಮಠಕ್ಕೆ ತಾನೇ ಗುರುವಾದನು. ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ ಎಂಬ ಅಂಕಿತದಲ್ಲಿ ಅವನ 366 ವಚನಗಳು ದೊರೆತಿವೆ. ಗುರು, ಲಿಂಗ, ಜಂಗಮಗಳ ತತ್ತ್ವ ಅವುಗಳ ಮುಖ್ಯ ವಸ್ತು. ಗುರುವಿನ ವಚನಗಳಲ್ಲಿ ಶರಣಸತಿ ಲಿಂಗಪತಿ ಭಾವದ ಮಾಧುರ್ಯವಿದ್ದರೆ, ಶಿಷ್ಯನಲ್ಲಿರುವುದು ತರ್ಕದ ಗಡಸು. ವಚನವೆಂದರೆ ನಾಲ್ಕಾರು ಸಾಲಿನ ತಿಳಿಗನ್ನಡ ಎಂದುಕೊಂಡು ಬಂದ ವಿದ್ಯಾರ್ಥಿಯು ಇಲ್ಲಿ ತುಸು ಎಡವುತ್ತಾನೆ. ಹಲವು ವಚನಗಳು ನೀಳವಾಗಿವೆ; ನಡುನಡುವೆ ಸಂಸ್ಕೃತದ ಶ್ರುತಿ, ಸ್ಮೃತಿ, ಆಗಮವಾಕ್ಯಗಳು ಸಾಲುಗಟ್ಟಿ ನಿಲ್ಲುತ್ತವೆ. ಓದಿನ ಓಟಕ್ಕೆ ಅವು ತೊಡಕಾಗುತ್ತವೆ ಎಂಬುದು ನಿಜ. ಆದರೆ ಅವುಗಳನ್ನು ತಂದವನು ಯಾರೆಂಬುದನ್ನು ಮರೆಯಬಾರದು. ವೇದವನ್ನು ಕಿವಿಯಿಂದ ಕೇಳುವುದೂ ನಿಷಿದ್ಧವಾಗಿದ್ದ ಕುಲದಿಂದ ಬಂದವನು, ಆ ಗ್ರಂಥಗಳನ್ನೇ ತನ್ನ ವಾದಕ್ಕೆ ಸಾಕ್ಷಿಗಳನ್ನಾಗಿ ಕರೆದು ನಿಲ್ಲಿಸುತ್ತಾನೆ. ಎದುರಾಳಿಯ ಗ್ರಂಥದಿಂದಲೇ ಎದುರಾಳಿಗೆ ಉತ್ತರ ಕೊಡುವ ಈ ಕ್ರಮಕ್ಕೆ ಬರಿಯ ಭಕ್ತಿ ಸಾಲದು, ವರ್ಷಗಳ ಓದು ಬೇಕು.

ಅವನ ಪತ್ನಿ ಕಾಳವ್ವೆಯೂ ವಚನಕಾರ್ತಿ. ಸಾಹಿತ್ಯಚರಿತ್ರೆಗಳು ಅವಳನ್ನು ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಎಂದೇ ಕರೆಯುತ್ತವೆ. ಅವಳ ಮಾತು ಮಾತ್ರ ಯಾರ ನೆರಳಿನದೂ ಅಲ್ಲ. ದೊರೆತಿರುವ ವಚನಗಳು 12. ಬಹುಪಾಲು ವ್ರತನಿಷ್ಠೆಯನ್ನು ಕುರಿತವು. ಅವುಗಳ ನಡುವೆ ಒಂದು ವಚನ ಬೇರೆಯೇ ಧಾಟಿಯದು. ಕುರಿ, ಕೋಳಿ, ಮೀನು ತಿನ್ನುವವರು ಕುಲಜರು, ಹಸುವನ್ನು ತಿನ್ನುವ ಮಾದಿಗ ಮಾತ್ರ ಕೀಳು ಎಂಬ ಲೆಕ್ಕವನ್ನು ಅವಳು ಅಲ್ಲಿ ಬಿಡಿಸಿ ನೋಡುತ್ತಾಳೆ. ಸತ್ತ ದನದ ತೊಗಲಿನಿಂದ ಸಿದ್ದಲಿಕೆಯಾಗುತ್ತದೆ, ಸಗ್ಗಳೆಯಾಗುತ್ತದೆ. ಸಿದ್ದಲಿಕೆಯೊಳಗಿನ ತುಪ್ಪವನ್ನೂ ಸಗ್ಗಳೆಯ ನೀರನ್ನೂ ಶುದ್ಧವೆಂದು ಕುಡಿಯುವ ವಿಪ್ರರ ಬುದ್ಧಿಯನ್ನು ಅವಳು ನೇರವಾಗಿ ಹಳಿಯುತ್ತಾಳೆ. ಗಂಡನು ಶ್ರುತಿಗಳಿಂದ ಸಾಧಿಸಿದ್ದನ್ನು ಹೆಂಡತಿ ಅಡುಗೆಮನೆಯ ತುಪ್ಪದ ಪಾತ್ರೆಯಿಂದ ಸಾಧಿಸಿದಳು. ಅವಳ ಅಂಕಿತ ಉರಿಲಿಂಗಪೆದ್ದಿಗಳರಸ.

ಉರಿಲಿಂಗಪೆದ್ದಿಯ ಹೆಸರಿನ ಮಠಗಳು ಇಂದಿಗೂ ಇವೆ. ಒಂದು ಬೀದರ ಜಿಲ್ಲೆಯ ಬೇಲೂರಿನಲ್ಲಿದೆ. ಇನ್ನೊಂದು ದೂರದ ಮೈಸೂರಿನಲ್ಲಿ.