ದಿನಸಿ ಅಂಗಡಿಗೆ ವೈನ್ ತಂದ ಗ್ಲಾಡ್‌ಸ್ಟನ್

ಬ್ರಿಟನ್ನಿನ ಸೂಪರ್‌ಮಾರ್ಕೆಟ್‌ಗಳಲ್ಲಿ ದಿನಸಿಯೊಡನೆ ಊಟಕ್ಕೆ ಹೊಂದುವ ಒಂದು ಬಾಟಲಿ ವೈನನ್ನೂ ಆರಿಸಿ ಒಯ್ಯುವುದು ಸಾಮಾನ್ಯ ಸಂಗತಿ. ಈ ರೂಢಿಗೆ ಅಡಿಗಲ್ಲು ಹಾಕಿದವರು ನಾಲ್ಕು ಬಾರಿ ಆ ದೇಶದ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್.

1809ರ ಡಿಸೆಂಬರ್ 29ರಂದು ಲಿವರ್‌ಪೂಲ್‌ನ ವರ್ತಕ ಕುಟುಂಬದಲ್ಲಿ ಜನಿಸಿದ ಅವರು, 1860ರಲ್ಲಿ ಹಣಕಾಸು ಸಚಿವರಾಗಿದ್ದಾಗ ಫ್ರಾನ್ಸ್ ಜತೆಗಿನ ವಾಣಿಜ್ಯ ಒಪ್ಪಂದದಂತೆ ವೈನ್ ಸುಂಕವನ್ನು ಕಡಿತಗೊಳಿಸಿದರು. ಗ್ಯಾಲನ್‌ಗೆ 5 ಶಿಲಿಂಗ್ ಮೀರಿದ್ದ ಸುಂಕ 3ಕ್ಕೆ, ಬಳಿಕ ಮದ್ಯಾಂಶ ಕಡಿಮೆಯಿರುವ ವೈನ್‌ಗಳಿಗೆ 1 ಶಿಲಿಂಗ್‌ಗೆ ಇಳಿಯಿತು. ಅದೇ ವರ್ಷ ಊಟದ ಮನೆಗಳಿಗೆ ವೈನ್ ಪರವಾನಗಿ ದೊರೆಯಿತು. 1861ರಲ್ಲಿ ದಿನಸಿ ಅಂಗಡಿಗಳಿಗೂ ಬಿಡಿ ಬಾಟಲಿ ಮಾರುವ ಅವಕಾಶ ಲಭಿಸಿತು.

ವೈನ್ ಊಟದ ಸಂಗಾತಿಯಾದರೆ ಜಿನ್‌ನಂತಹ ತೀಕ್ಷ್ಣ ಮದ್ಯದ ಚಟ ತಗ್ಗುವುದೆಂಬುದು ಅವರ ಎಣಿಕೆಯಾಗಿತ್ತು. ಮಾಂಸದೂಟಕ್ಕೆ ಒಪ್ಪುವ ಬೋರ್ಡೊದ ಕೆಂಪು ವೈನ್ ಕ್ಲಾರೆಟ್ ಮಧ್ಯಮ ವರ್ಗದ ಕೈಗೆಟುಕಿತು. ಅಗ್ಗದ ಆ ವೈನ್‌ಗೆ ಗ್ಲಾಡ್‌ಸ್ಟನ್ ಕ್ಲಾರೆಟ್ ಎಂಬ ಹೆಸರೇ ಬಿತ್ತು.

ಆದರೆ ಶ್ರಮಿಕರು ಬಿಯರ್ ಬಿಡಲಿಲ್ಲ. ದಿನಸಿ ಅಂಗಡಿಯ ಮದ್ಯ ಗೃಹಿಣಿಯರನ್ನು ಗುಟ್ಟಾಗಿ ಕುಡಿತಕ್ಕೆ ಎಳೆಯುವುದೆಂದು ಪಾನವಿರೋಧಿಗಳು ಆಕ್ಷೇಪಿಸಿದರು. ಅವರು ಪ್ರಧಾನಿಯಾಗಿದ್ದಾಗ ಬಂದ 1872ರ ಪರವಾನಗಿ ಕಾಯ್ದೆ ಪಾನಗೃಹಗಳ ಮಾಲೀಕರನ್ನು ಕೆರಳಿಸಿತು. 1874ರ ಚುನಾವಣೆಯಲ್ಲಿ ಜಿನ್ ಮತ್ತು ಬಿಯರ್‌ಗಳೇ ತಮ್ಮನ್ನು ಸೋಲಿಸಿದವೆಂದು ಸೋದರನಿಗೆ ಬರೆದ ಪತ್ರದಲ್ಲಿ ಅವರು ನೊಂದುಕೊಂಡರು.

1898ರ ಮೇ 19ರಂದು ಗ್ಲಾಡ್‌ಸ್ಟನ್ ನಿಧನರಾದರು. ಕುಡಿತದ ಪಿಡುಗು ಅವರೆಣಿಸಿದಂತೆ ತೊಲಗಲಿಲ್ಲ. ಅಂಗಡಿಯಿಂದ ಊಟದ ಮೇಜಿಗೆ ಅವರು ತೆರೆದ ಹಾದಿ ಮಾತ್ರ ಶಾಶ್ವತವಾಯಿತು.